ಫಜ್ ಫೇಸ್ ಮಾಡಿಫೈ ಮಾಡುವುದು ಹೇಗೆ: ಮೊದಲು ಬಯಾಸ್, ಆಮೇಲೆ ಕೆಪ್ಯಾಸಿಟರ್, ಕೊನೆಗೆ ಟ್ರಾನ್ಸಿಸ್ಟರ್

ಕಿಟ್ ತಂದೋ, ಜನರಲ್ ಪರ್ಪಸ್ ಬೋರ್ಡ್ ಮೇಲೆ ಕೈಯಾರೆ ಜೋಡಿಸಿಯೋ ಗಿಟಾರಿನ ಸದ್ದನ್ನು ಒಡೆದು ದಪ್ಪ ಮಾಡುವ ಒಂದು ಫಜ್ ಪೆಡಲ್ ಮಾಡಿದ್ದೀರಿ. ಸದ್ದು ಬರುತ್ತಿದೆ, ಆದರೆ ಮನಸ್ಸಿಗೆ ಒಪ್ಪುತ್ತಿಲ್ಲ. ಮನೆಯಲ್ಲಿ ಒಬ್ಬರೇ ನುಡಿಸುವಾಗ ದಪ್ಪಗೆ, ಚೆನ್ನಾಗಿ ಕೇಳುತ್ತದೆ, ಡ್ರಮ್ಸ್ ಮತ್ತು ಬೇಸ್ ಸೇರಿದ ಕೂಡಲೇ ಎಲ್ಲೋ ಮುಳುಗಿಹೋಗುತ್ತದೆ. ಇಲ್ಲವೇ ದಪ್ಪ ತಂತಿ ಮೀಟಿದರೆ ಬರೀ ಗೊರಗೊರ. ಇಲ್ಲವೇ ಸ್ವರ ಪೂರ್ತಿ ಆರುವ ಮೊದಲೇ ತುಂಡು ತುಂಡಾಗಿ ನಿಂತುಬಿಡುತ್ತದೆ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಎಂದರೆ ದುಬಾರಿ ಹಳೇ ಟ್ರಾನ್ಸಿಸ್ಟರ್ ಹುಡುಕುವುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಐವತ್ತು ರೂಪಾಯಿಯೂ ಆಗದ ರೆಸಿಸ್ಟರ್, ಕೆಪ್ಯಾಸಿಟರ್‌ಗಳು ಈ ಪೆಡಲಿನ ಸದ್ದನ್ನು ಬದಲಿಸುವಷ್ಟು ಟ್ರಾನ್ಸಿಸ್ಟರಿನ ಹೆಸರು ಬದಲಿಸುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಫಜ್ ಫೇಸ್ ಸರ್ಕ್ಯೂಟಿನ ಬಗ್ಗೆ, ಅದರಲ್ಲೂ ಸಿಲಿಕಾನ್ ಎನ್‌ಪಿಎನ್ ಟ್ರಾನ್ಸಿಸ್ಟರ್ ಹಾಕಿದ್ದರ ಬಗ್ಗೆ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಹೊರತಂದ ಪೆಡಲ್ ಇದು, ಜಿಮಿ ಹೆಂಡ್ರಿಕ್ಸ್ ಕಾಲಡಿ ಇದ್ದದ್ದು ಇದೇ. ಮೊದಲಿನವುಗಳಲ್ಲಿ ಎನ್‌ಕೆಟಿ275, ಎಸಿ128 ಥರದ ಜರ್ಮೇನಿಯಂ ಟ್ರಾನ್ಸಿಸ್ಟರ್ ಇದ್ದವು, ಆಮೇಲೆ ಬಿಸಿ183, ಬಿಸಿ108, ಬಿಸಿ109 ಥರದ ಸಿಲಿಕಾನ್ ಬಂದವು. ಮನೆಯಲ್ಲಿ ಕಟ್ಟಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪ್ಯಾಸಿಟರ್, ಎರಡು ಪಾಟ್ (ನಾಬ್ ಹಾಕಿ ತಿರುಗಿಸುವ ರೆಸಿಸ್ಟರ್), ಅಷ್ಟೇ. ಭಾಗಗಳು ಇಷ್ಟು ಕಡಿಮೆ ಇರುವುದರಿಂದ ಒಂದನ್ನು ಬದಲಿಸಿದರೂ ಕಿವಿಗೆ ಗೊತ್ತಾಗುತ್ತದೆ.

ಯಾವುದು ಎಲ್ಲಿದೆ

ಬೋರ್ಡ್ ಎದುರಿಗೆ ಇಟ್ಟುಕೊಂಡು ಓದಿ. ಗಿಟಾರಿನ ಸಿಗ್ನಲ್ ಮೊದಲು 2.2 ಮೈಕ್ರೋಫ್ಯಾರಡ್ ಇನ್‌ಪುಟ್ ಕೆಪ್ಯಾಸಿಟರ್ ದಾಟಿ ಮೊದಲ ಟ್ರಾನ್ಸಿಸ್ಟರಿನ ಬೇಸಿಗೆ ಬರುತ್ತದೆ. ಈ ಟ್ರಾನ್ಸಿಸ್ಟರನ್ನು ಕ್ಯೂ1 ಅನ್ನೋಣ. ಬೇಸ್, ಕಲೆಕ್ಟರ್, ಎಮಿಟರ್ ಅನ್ನುವುದು ಟ್ರಾನ್ಸಿಸ್ಟರಿನ ಮೂರು ಕಾಲುಗಳು. ಅದರ ಕಲೆಕ್ಟರಿನಿಂದ 9 ವೋಲ್ಟಿಗೆ ಒಂದು 33ಕೆ (ಕೆ ಅಂದರೆ ಕಿಲೋಓಮ್) ರೆಸಿಸ್ಟರ್, ಮೂರೂ ಪಟ್ಟಿ ಕಿತ್ತಳೆ ಬಣ್ಣ. ಅದೇ ಕಲೆಕ್ಟರ್ ನೇರವಾಗಿ ಎರಡನೇ ಟ್ರಾನ್ಸಿಸ್ಟರಿನ, ಅಂದರೆ ಕ್ಯೂ2ರ ಬೇಸಿಗೆ ಸೇರುತ್ತದೆ. ಕ್ಯೂ2ರ ಕಲೆಕ್ಟರಿನಿಂದ 8.2ಕೆ, ಅದರ ಮೇಲೆ 470 ಓಮ್ (ಕೆಲವು ಸಿಲಿಕಾನ್ ಮಾದರಿಗಳಲ್ಲಿ 330), ಅಲ್ಲಿಂದ 9 ವೋಲ್ಟ್. ಈ ಎರಡು ರೆಸಿಸ್ಟರ್ ಸೇರುವ ಜಾಗದಿಂದ 10 ನ್ಯಾನೋಫ್ಯಾರಡ್ ಔಟ್‌ಪುಟ್ ಕೆಪ್ಯಾಸಿಟರ್ ಮೂಲಕ 500ಕೆ ವಾಲ್ಯೂಮ್ ಪಾಟ್‌ಗೆ ಸಿಗ್ನಲ್ ಹೊರಡುತ್ತದೆ. ಕ್ಯೂ2ರ ಎಮಿಟರ್ ಕೆಳಗೆ 1ಕೆ ಫಜ್ ಪಾಟ್, ಅದರ ನಡುಗಾಲಿನಿಂದ ಗ್ರೌಂಡಿಗೆ ಸುಮಾರು 22 ಮೈಕ್ರೋಫ್ಯಾರಡ್. ಕೊನೆಯದಾಗಿ, ಅದೇ ಎಮಿಟರಿನಿಂದ ವಾಪಸ್ ಕ್ಯೂ1ರ ಬೇಸಿಗೆ ಬರುವ 100ಕೆ. ಇದೇ ಫೀಡ್‌ಬ್ಯಾಕ್ ದಾರಿ.

ಫಜ್ ನಾಬ್ ಪೂರ್ತಿ ತಿರುಗಿಸಿದಾಗ ಆ 22 ಮೈಕ್ರೋ ಕೆಪ್ಯಾಸಿಟರ್ ನೇರ ಎಮಿಟರಿಗೇ ಸೇರಿಕೊಂಡು, ವಾಪಸ್ ಹೋಗಬೇಕಾದ ಸಿಗ್ನಲನ್ನು ಗ್ರೌಂಡಿಗೆ ಎಳೆದುಬಿಡುತ್ತದೆ. ಫೀಡ್‌ಬ್ಯಾಕ್ ಇಲ್ಲವಾದಾಗ ಗೇನ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ, ಒಮ್ಮೆಲೇ ಏರುತ್ತದೆ. ಇದೊಂದು ವಿಷಯ ತಲೆಯಲ್ಲಿ ಕೂತರೆ ಮುಂದಿನ ಅರ್ಧ ಮಾಡಿಫಿಕೇಶನ್ ತಾನಾಗೇ ಅರ್ಥವಾಗುತ್ತದೆ.

ಕೈ ಹಾಕುವ ಮೊದಲು

ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡಿನಲ್ಲಿ ಇದಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಎಲ್ಲವೂ ಸಿಗುತ್ತದೆ. 25 ವಾಟಿನ ಸೋಲ್ಡರಿಂಗ್ ಐರನ್, 60/40 ಸೀಸ, ಡಿಸೋಲ್ಡರಿಂಗ್ ಪಂಪ್, ಒಂದು ಡಿಜಿಟಲ್ ಮಲ್ಟಿಮೀಟರ್ (ಟ್ರಾನ್ಸಿಸ್ಟರ್ ಗೇನ್ ಅಳೆಯುವ ಎಚ್‌ಎಫ್‌ಇ ಸಾಕೆಟ್ ಇರುವಂಥದ್ದು), ಒಂದು 10ಕೆ ಪ್ರಿಸೆಟ್ (ಬೋರ್ಡ್ ಮೇಲೆ ಕೂರುವ, ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ಪಾಟ್). ಜೊತೆಗೆ ಫೀಮೇಲ್ ಬರ್ಗ್ ಸ್ಟ್ರಿಪ್ ತಪ್ಪದೇ ತನ್ನಿ. ಅದನ್ನು ಎರಡು ಮೂರು ತೂತಿನ ತುಂಡುಗಳಾಗಿ ಕತ್ತರಿಸಿ, ಎರಡು ಟ್ರಾನ್ಸಿಸ್ಟರ್ ಮತ್ತು ಮೂರು ಕೆಪ್ಯಾಸಿಟರ್ ಇರುವ ಜಾಗದಲ್ಲಿ ಬೆಸುಗೆ ಹಾಕಿ. ಆಮೇಲೆ ಭಾಗಗಳನ್ನು ಸುಮ್ನೆ ಚುಚ್ಚಿ ತೆಗೆದು ಮಾಡಬಹುದು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಐರನ್ ತಾಗಿಸುತ್ತಿದ್ದರೆ ಅಗ್ಗದ ಬೋರ್ಡಿನ ತಾಮ್ರದ ಪಟ್ಟಿ ಎದ್ದುಬರುತ್ತದೆ, ಆಮೇಲೆ ಅದನ್ನು ಸರಿಮಾಡುವುದು ದೊಡ್ಡ ತಲೆನೋವು.

ಸಣ್ಣ ಕೆಪ್ಯಾಸಿಟರ್ ಕೊಳ್ಳುವಾಗ ಮೇಲಿನ ಸಂಖ್ಯೆ ನೋಡಿ: 103 ಅಂದರೆ 10 ನ್ಯಾನೋ, 104 ಅಂದರೆ 100 ನ್ಯಾನೋ, 224 ಅಂದರೆ 220 ನ್ಯಾನೋ, 473 ಅಂದರೆ 47 ನ್ಯಾನೋ. ಪ್ರತಿಯೊಂದರಲ್ಲೂ ಒಂದೆರಡು ಜಾಸ್ತಿ ತನ್ನಿ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಬದಲಿಸುವ ಮೊದಲು ಒಂದು ರಿಫ್ ಫೋನಿನಲ್ಲಿ ರೆಕಾರ್ಡ್ ಮಾಡಿ, ಬದಲಿಸಿದ ಮೇಲೆ ಅದೇ ರಿಫ್, ಅದೇ ಆಂಪ್, ಅದೇ ಸೆಟ್ಟಿಂಗಿನಲ್ಲಿ ಮತ್ತೆ ರೆಕಾರ್ಡ್ ಮಾಡಿ. ಎರಡೂ ಒಂದೇ ಜೋರಿಗೆ ಇರಬೇಕು, ಇದು ತುಂಬಾ ಮುಖ್ಯ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅಂತ ಕಿವಿಗೆ ಅನ್ನಿಸುವುದು ಸಹಜ, ಅದಕ್ಕೇ ವಾಲ್ಯೂಮ್ ಸರಿಸಮ ಮಾಡಿಕೊಂಡು ಕೇಳದಿದ್ದರೆ ಯಾವ ತೀರ್ಮಾನಕ್ಕೂ ಅರ್ಥವಿಲ್ಲ.

ಬಯಾಸ್

ಬಯಾಸ್ ಅಂದರೆ ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರ್ ಯಾವ ವೋಲ್ಟಿನಲ್ಲಿ ನಿಂತಿರುತ್ತದೆ ಎನ್ನುವುದು. ಮೊದಲು ಅಳತೆ. ಬ್ಯಾಟರಿ ಹಾಕಿ, ಮೀಟರಿನ ಕಪ್ಪು ತಂತಿ ಗ್ರೌಂಡಿಗೆ, ಕೆಂಪು ತಂತಿ ಕ್ಯೂ2ರ ಕಲೆಕ್ಟರಿಗೆ. ಹೊಸ ಬ್ಯಾಟರಿ ಇದ್ದರೆ ಇಲ್ಲಿ ಸುಮಾರು 4.5 ವೋಲ್ಟ್ ಇರಬೇಕು, ಅಂದರೆ ಅರ್ಧ. ಸಿಗ್ನಲ್ ಮೇಲೆ ಕೆಳಗೆ ಎರಡೂ ಕಡೆ ಓಡಾಡಲು ಸಮ ಜಾಗ ಬೇಕಲ್ವಾ, ಅದಕ್ಕೆ.

ಆದರೆ ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿ, ಹಳೇ ಜರ್ಮೇನಿಯಂ ನಕ್ಷೆಯ 8.2ಕೆ ಹಾಗೇ ಬಿಟ್ಟಿದ್ದರೆ ಅಲ್ಲಿ 3 ವೋಲ್ಟಿನ ಆಸುಪಾಸು ಕಾಣುವ ಸಾಧ್ಯತೆ ಜಾಸ್ತಿ. ಕಾರಣ ಸರಳ. ಸಿಲಿಕಾನಿನಲ್ಲಿ ಬೇಸಿಗೂ ಎಮಿಟರಿಗೂ ನಡುವೆ ಸುಮಾರು 0.6 ವೋಲ್ಟ್ ಬೇಕು, ಹಾಗಾಗಿ ಕ್ಯೂ2ರ ಎಮಿಟರ್ 0.65-0.7 ವೋಲ್ಟಿಗೆ ಬಂದು ಕೂರುತ್ತದೆ, 1ಕೆ ಪಾಟಿನಲ್ಲಿ 0.65-0.7 ಮಿಲಿಆಂಪ್ ಹರಿಯುತ್ತದೆ. ಅದೇ ಕರೆಂಟ್ 8.2ಕೆ ಮತ್ತು 470 ಓಮ್ ದಾಟಿ ಬರುವಾಗ ಆರು ವೋಲ್ಟಿನಷ್ಟು ಅಲ್ಲೇ ಕಳೆದುಹೋಗುತ್ತದೆ.

ಪರಿಹಾರವೂ ಅಷ್ಟೇ ಸರಳ: 8.2ಕೆ ಕಿತ್ತು ಅದರ ಜಾಗದಲ್ಲಿ 10ಕೆ ಪ್ರಿಸೆಟ್ ಹಾಕಿ, ನಡುಗಾಲು ಮತ್ತು ಒಂದು ಬದಿಯ ಕಾಲು ಮಾತ್ರ ಬಳಸಿ. ಮೀಟರ್ ನೋಡುತ್ತಾ 4.5ಕ್ಕೆ ತನ್ನಿ. ಹೆಚ್ಚಿನ ಸಿಲಿಕಾನ್ ಜೋಡಿಗಳಿಗೆ ಆರು ಆರೂವರೆ ಕಿಲೋಓಮ್ ಹತ್ತಿರ ಅದು ಸಿಗುತ್ತದೆ. ಸಿಕ್ಕ ಮೇಲೆ ಮೀಟರ್ ಪಕ್ಕಕ್ಕಿಟ್ಟು ಗಿಟಾರ್ ಎತ್ತಿಕೊಳ್ಳಿ. 4ರಿಂದ 5.5 ವೋಲ್ಟಿನ ನಡುವೆ ನಿಧಾನಕ್ಕೆ ತಿರುಗಿಸುತ್ತಾ ಒಂದೇ ಸ್ವರ ಮೀಟಿ, ಅದು ಆರುವವರೆಗೂ ಕೇಳಿ. ಆರುವ ಭಾಗದಲ್ಲೇ ಬಯಾಸ್ ಗುಟ್ಟು ಬಿಟ್ಟುಕೊಡುತ್ತದೆ. ಸರಿಯಿದ್ದಾಗ ಸ್ವರ ನಯವಾಗಿ ಇಳಿಯುತ್ತದೆ, ಯಾವುದಾದರೂ ತುದಿಗೆ ತೀರಾ ಸರಿದಾಗ ಹರಿದು, ಕೆಮ್ಮಿದಂತೆ ನಿಲ್ಲುತ್ತದೆ. ಕೆಲವರಿಗೆ ಆ ಹರಿದ ಸದ್ದೇ ಬೇಕು, ತಪ್ಪೇನಿಲ್ಲ, ಆದರೆ ಅದು ನೀವು ಆರಿಸಿಕೊಂಡದ್ದಾಗಿರಲಿ.

ಪ್ರಿಸೆಟ್ ಎಷ್ಟು ತಿರುಗಿಸಿದರೂ ಕಲೆಕ್ಟರಿನಲ್ಲಿ 9 ವೋಲ್ಟೇ ಕಾಣುತ್ತಿದ್ದರೆ ಟ್ರಾನ್ಸಿಸ್ಟರ್ ಕಾಲುಗಳು ಅದಲುಬದಲಾಗಿವೆಯೇ ನೋಡಿ. ಸರಿಯಿರುವ ಸಿಲಿಕಾನ್ ಬೋರ್ಡಿನಲ್ಲಿ ಕ್ಯೂ1ರ ಬೇಸ್ ಸುಮಾರು 0.6, ಕ್ಯೂ1ರ ಕಲೆಕ್ಟರ್ ಸುಮಾರು 1.3 ವೋಲ್ಟ್ ಇರುತ್ತದೆ. ಇವೆರಡು ಹೊಂದಿದರೆ ಮಿಕ್ಕದ್ದು ಹೊಂದುತ್ತದೆ. ಮುಂದೆ ಯಾವ ಟ್ರಾನ್ಸಿಸ್ಟರ್ ಬದಲಿಸಿದರೂ ಮತ್ತೆ ಈ ಪ್ರಿಸೆಟ್‌ಗೇ ವಾಪಸ್ ಬರಬೇಕು. ಬಯಾಸ್ ಹೊಂದಿಸದೆ ಎರಡು ಟ್ರಾನ್ಸಿಸ್ಟರ್ ಹೋಲಿಸಿ ಇದು ಚೆನ್ನ, ಅದು ಚೆನ್ನಾಗಿಲ್ಲ ಅನ್ನುವುದು ನ್ಯಾಯವಲ್ಲ.

ಮೂರು ಕೆಪ್ಯಾಸಿಟರ್

ಬ್ಯಾಂಡಿನಲ್ಲಿ ಮುಳುಗಿಹೋಗುವ ಫಜ್‌ಗೆ ಮದ್ದು ಇನ್‌ಪುಟ್ ಕೆಪ್ಯಾಸಿಟರಿನಲ್ಲಿದೆ. 2.2 ಮೈಕ್ರೋ ಎಲ್ಲಾ ಬೇಸನ್ನೂ (ಇಲ್ಲಿ ಟ್ರಾನ್ಸಿಸ್ಟರಿನ ಕಾಲಲ್ಲ, ಕೆಳಗಿನ ಸ್ವರಗಳ ದಪ್ಪ ಸದ್ದು) ಒಳಗೆ ಬಿಡುತ್ತದೆ. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್, ಈ ಕೆಪ್ಯಾಸಿಟರ್ ಅದಕ್ಕಿಂತ ಎಷ್ಟೋ ಕೆಳಗಿನದನ್ನೂ ತಡೆಯುವುದಿಲ್ಲ. ಹಂಬಕರ್ (ಎರಡು ಕಾಯಿಲಿನ ಪಿಕಪ್) ಇರುವ ಗಿಟಾರಿನಲ್ಲಿ ಅಷ್ಟು ಬೇಸ್ ಒಮ್ಮೆಗೇ ಬಂದು ಕ್ಲಿಪ್ ಆದರೆ, ಅಂದರೆ ಸಿಗ್ನಲಿನ ತುದಿಗಳು ಕತ್ತರಿಸಿಹೋದರೆ, ಕಾರ್ಡ್ ನುಡಿಸಿದಾಗ ಸ್ವರಗಳು ಬಿಡಿಬಿಡಿಯಾಗಿ ಕೇಳುವುದೇ ಇಲ್ಲ, ಎಲ್ಲ ಕಲಸಿಹೋಗುತ್ತದೆ.

ಇದರ ಜಾಗದಲ್ಲಿ 220 ನ್ಯಾನೋ ಹಾಕಿ ಕೇಳಿ. ಆಮೇಲೆ 100, ಆಮೇಲೆ 47. ಪಿಕಪ್ ಮತ್ತು ಕ್ಯೂ1ರ ಇನ್‌ಪುಟ್ ಎರಡೂ ಸೇರಿ 10 ಕಿಲೋಓಮ್ ಎಂದು ಇಟ್ಟುಕೊಂಡರೆ 220 ನ್ಯಾನೋಗೆ ಸುಮಾರು 72 ಹರ್ಟ್ಸಿನಿಂದ, 100 ನ್ಯಾನೋಗೆ 160ರಿಂದ, 47ಕ್ಕೆ 340ರಿಂದ ಕೆಳಗೆ ಬೇಸ್ ಇಳಿಯಲು ಶುರುವಾಗುತ್ತದೆ. ಇದು ಅಂದಾಜು ಮಾತ್ರ. ಫಜ್ ನಾಬ್ ತಿರುಗಿದಂತೆ ಫೀಡ್‌ಬ್ಯಾಕ್ ಬದಲಾಗಿ, ಅದರೊಂದಿಗೆ ಕ್ಯೂ1ರ ಇನ್‌ಪುಟ್ ಇಂಪೀಡೆನ್ಸೂ ಬದಲಾಗುತ್ತದೆ. ನಾಬ್ ಪೂರ್ತಿ ಏರಿಸಿದಾಗ ಅದು ಹೆಚ್ಚುವುದರಿಂದ ಅದೇ 100 ನ್ಯಾನೋ ಇನ್ನಷ್ಟು ಬೇಸ್ ಬಿಡುತ್ತದೆ. ಆದ್ದರಿಂದ ನೀವು ನಿಜವಾಗಿ ನುಡಿಸುವಾಗ ನಾಬ್ ಎಲ್ಲಿರುತ್ತದೋ ಅಲ್ಲೇ ಇಟ್ಟು ಕೇಳಿ. ನನ್ನ ಮಾತು ಕೇಳುವುದಾದರೆ ಹಂಬಕರಿಗೆ 100, ಸಿಂಗಲ್ ಕಾಯಿಲಿಗೆ 220 ಇಂದ ಶುರು ಮಾಡಿ. ಮನೆಯಲ್ಲಿ ಒಬ್ಬರೇ ಕೇಳಿದಾಗ ಸ್ವಲ್ಪ ತೆಳು ಅನ್ನಿಸಬಹುದು, ಬ್ಯಾಂಡಿನೊಳಗೆ ಅದೇ ಸರಿಯಾಗಿ ಕೂರುತ್ತದೆ, ಯಾಕೆಂದರೆ ಕೆಳಗಿನ ಜಾಗ ಬೇಸ್ ಗಿಟಾರಿನದು. ಎರಡೂ ಬೇಕೆಂದರೆ ಒಂದು ಚಿಕ್ಕ ಟಾಗಲ್ ಸ್ವಿಚ್ ಹಾಕಿ: 100 ನ್ಯಾನೋ ಯಾವಾಗಲೂ ದಾರಿಯಲ್ಲಿರಲಿ, ಸ್ವಿಚ್ ಒತ್ತಿದಾಗ ಅದಕ್ಕೆ ಪ್ಯಾರಲಲ್ ಆಗಿ 2.2 ಮೈಕ್ರೋ ಸೇರಲಿ.

2.2 ಮೈಕ್ರೋ ಎಲೆಕ್ಟ್ರೊಲಿಟಿಕ್ ಆದರೆ ದಿಕ್ಕು ಗಮನಿಸಿ. ಎನ್‌ಪಿಎನ್ ಬೋರ್ಡಿನಲ್ಲಿ ಪ್ಲಸ್ ಕಾಲು ಕ್ಯೂ1ರ ಬೇಸಿನ ಕಡೆಗೆ.

ಫಜ್ ಪಾಟಿನ 22 ಮೈಕ್ರೋ ಇನ್ನೂ ಸ್ವಾರಸ್ಯದ್ದು, ಅದನ್ನು ಮುಟ್ಟುವವರು ಮಾತ್ರ ಕಡಿಮೆ. ಮೇಲೆ ಹೇಳಿದೆನಲ್ಲ, ಫೀಡ್‌ಬ್ಯಾಕನ್ನು ಗ್ರೌಂಡಿಗೆ ಎಳೆಯುವುದು ಇದೇ. ಇದನ್ನು 10ಕ್ಕೆ ಇಳಿಸಿದರೆ, ಅಥವಾ 4.7ಕ್ಕೆ, ಕೆಳಗಿನ ಸ್ವರಗಳಿಗೆ ಗೇನ್ ಕಡಿಮೆಯಾಗಿ ಮೇಲಿನವಕ್ಕೆ ಹಾಗೇ ಉಳಿಯುತ್ತದೆ. ಇನ್‌ಪುಟ್ ಕೆಪ್ಯಾಸಿಟರ್ ಬೇಸನ್ನು ಬಾಗಿಲಲ್ಲೇ ತಡೆಯುತ್ತದೆ, ಇದು ಒಳಗೆ ಬಿಟ್ಟು ಫಜ್ ಮಾತ್ರ ಕಡಿಮೆ ಮಾಡುತ್ತದೆ. ಹಾಗಾಗಿ ಮೈ ಉಳಿಯುತ್ತದೆ, ಗೊರಗೊರ ಹೋಗುತ್ತದೆ. 2.2ಕ್ಕೂ ಇಳಿಸಿದರೆ ಲೀಡಿಗೆ ಚುರುಕಾದ, ಮಧ್ಯದ ಸದ್ದು ಎದ್ದುಕಾಣುವ ಪೆಡಲ್ ಆಗುತ್ತದೆ. ಇದರಲ್ಲಿ ಪ್ಲಸ್ ಕಾಲು ಪಾಟಿನ ಕಡೆ, ಮೈನಸ್ ಗ್ರೌಂಡಿಗೆ.

ಔಟ್‌ಪುಟ್‌ನ 10 ನ್ಯಾನೋ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಸ್ ಗಿಟಾರಿಗೆ ಬಳಸುವುದಾದರೆ 47 ಅಥವಾ 100 ಮಾಡಿ. ಒಂದು ಮಾತ್ರ ನೆನಪಿಡಿ: ಅಂಗಡಿಯಲ್ಲಿ 500ಕೆ ಲಾಗ್ ಪಾಟ್ ಸಿಗದೆ 100ಕೆ ಹಾಕಿದ್ದರೆ 10 ನ್ಯಾನೋ ಜೊತೆ ಅದು 160 ಹರ್ಟ್ಸಿನಿಂದಲೇ ಬೇಸ್ ಕತ್ತರಿಸುತ್ತಿರುತ್ತದೆ. ಅಲ್ಲಿ 47 ನ್ಯಾನೋ ಹಾಕಿದರೆ ಮೊದಲಿನ ಹದಕ್ಕೆ ಬರುತ್ತದೆ.

ಸದ್ದು ಚಿಕ್ಕದೇ?

ಪೆಡಲ್ ಆನ್ ಮಾಡಿದರೆ ಸದ್ದು ಏರುವ ಬದಲು ಇಳಿಯುತ್ತದೆ ಎಂಬ ದೂರು ಸಿಲಿಕಾನ್ ಫಜ್ ಫೇಸಿನಲ್ಲಿ ಸಾಮಾನ್ಯ. ಔಟ್‌ಪುಟ್ ಎತ್ತಿಕೊಳ್ಳುವುದು 470 ಓಮಿನ ಮೇಲಿನ ಪಾಲು ಮಾತ್ರ, ಹಾಗಾಗಿ 9 ವೋಲ್ಟಿನಲ್ಲಿ ಹೆಚ್ಚೆಂದರೆ ಅರ್ಧ ವೋಲ್ಟಿನಷ್ಟು ಹೊರಬರುತ್ತದೆ. 330 ಇದ್ದರೆ ಇನ್ನೂ ಕಡಿಮೆ. ಅದನ್ನು 1ಕೆ ಮಾಡಿ, ಕಂದು ಕಪ್ಪು ಕೆಂಪು. ಸದ್ದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಫಜ್ ಗುಣ ಬದಲಾಗುವುದಿಲ್ಲ. ಪ್ರಿಸೆಟ್ ಸ್ವಲ್ಪ ಇಳಿಸಿ ಮತ್ತೆ 4.5ಕ್ಕೆ ತನ್ನಿ. 1.5ಕೆ ವರೆಗೂ ಹೋಗಬಹುದು, ಅದಕ್ಕಿಂತ ಮುಂದೆ ಹೋದರೆ ಆಂಪಿನ ಇನ್‌ಪುಟ್ಟೇ ತುಂಬಿ ಒಡೆಯಲು ಶುರುವಾಗಿ ಯಾವ ಕ್ಲಿಪ್ಪಿಂಗ್ ಯಾರದು ಅಂತ ಗೊತ್ತಾಗುವುದಿಲ್ಲ.

ಈಗ ಟ್ರಾನ್ಸಿಸ್ಟರ್

ಇಲ್ಲಿಯವರೆಗೆ ಮಾಡಿದ ಮೇಲೂ ಸದ್ದು ತೀರಾ ಮೊನಚು, ಕಿವಿ ಚುಚ್ಚುತ್ತದೆ ಅನ್ನಿಸಿದರೆ ಈಗ ಟ್ರಾನ್ಸಿಸ್ಟರ್ ಸರದಿ. ಹೆಸರಿಗಿಂತ ಗೇನ್ ನೋಡಿ. ಹಳೇ ಜರ್ಮೇನಿಯಂ ಜೋಡಿಗಳಲ್ಲಿ ಒಳ್ಳೆಯದೆನ್ನುವುದು ಕ್ಯೂ1ಕ್ಕೆ 70-80, ಕ್ಯೂ2ಕ್ಕೆ 100-130ರ ಆಸುಪಾಸು. ಆದರೆ ಕಿಟ್ಟಿನಲ್ಲಿ ಬರುವ ಬಿಸಿ549ಸಿ, ಬಿಸಿ109ಸಿ ಗೇನ್ 420ರಿಂದ 800ರವರೆಗೆ! ಅಷ್ಟು ಗೇನಿಗೆ ಸದ್ದು ಒರಟಾಗುತ್ತದೆ, ಹಿಸ್ ಜಾಸ್ತಿಯಾಗುತ್ತದೆ, ರೇಡಿಯೋ ಸ್ಟೇಷನ್ ಕೂಡ ಕೇಳಿಸಬಹುದು.

ಹತ್ತು ಬಿಸಿ547 ಕೊಳ್ಳಿ, 'ಬಿ' ಗುಂಪಿನದು, ಗೇನ್ 200ರಿಂದ 450. ಒಂದೊಂದನ್ನೇ ಮೀಟರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಕಡಿಮೆಯದು ಕ್ಯೂ1, ಜಾಸ್ತಿಯದು ಕ್ಯೂ2. ಇನ್ನೂ ಕಡಿಮೆ ಬೇಕೆಂದರೆ 2ಎನ್3904 ನೋಡಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಎಲ್ಲರೂ ಕೈಯಾಡಿಸಿರುವ ಎಸ್‌ಎಲ್100 ಕೂಡ ಕ್ಯೂ1 ಜಾಗಕ್ಕೆ ಹಾಕಿ ನೋಡುವಂಥದ್ದು. ಅದನ್ನು ಯಾರೂ ಪೆಡಲಿಗೆ ಅಂತ ಕೊಳ್ಳುವುದಿಲ್ಲ, ಆದರೆ ಗೇನ್ 100ರ ಹತ್ತಿರ ಇರುವ ಒಂದು ಸಿಕ್ಕರೆ ಸದ್ದಿನ ಮೊನಚು ಇಳಿಯುತ್ತದೆ. ಅದರ ಲೋಹದ ಮೈ ಕಲೆಕ್ಟರಿಗೇ ಸೇರಿರುತ್ತದೆ, ಹಾಗಾಗಿ ಡಬ್ಬಿಗೋ ಪಕ್ಕದ ತಂತಿಗೋ ತಾಗದಂತೆ ನೋಡಿಕೊಳ್ಳಿ.

ಕಾಲುಗಳ ವಿಷಯ: ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆ ಇದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಸರಿಯಾಗಿ ಉಲ್ಟಾ, ಎಮಿಟರ್, ಬೇಸ್, ಕಲೆಕ್ಟರ್. ಲೋಹದ ಟೊಪ್ಪಿಯ ಬಿಸಿ108, ಬಿಸಿ109ರಲ್ಲಿ ಹೊರಚಾಚಿದ ಚಿಕ್ಕ ನಾಲಿಗೆಯ ಪಕ್ಕದ್ದು ಎಮಿಟರ್.

ಹಿಸ್ ಅಥವಾ ರೇಡಿಯೋ ಇನ್ನೂ ಹೋಗದಿದ್ದರೆ ಕ್ಯೂ1ರ ಕಲೆಕ್ಟರ್ ಮತ್ತು ಬೇಸ್ ನಡುವೆ 100 ಪಿಕೋಫ್ಯಾರಡ್ ಸೆರಾಮಿಕ್ ಡಿಸ್ಕ್ ಹಾಕಿ. ಕಾಲುಗಳನ್ನು ಆದಷ್ಟು ಗಿಡ್ಡ ಮಾಡಿ. ಇನ್ನೂ ಮೆತ್ತಗೆ ಬೇಕಾದರೆ 220 ಪಿಕೋ.

ಜರ್ಮೇನಿಯಂ ಹಾಕಲೇಬೇಕು ಅನ್ನುವವರಿಗೆ ಎರಡು ಎಚ್ಚರಿಕೆ. ಎಸಿ128 ಪಿಎನ್‌ಪಿ, ಅಂದರೆ ಕರೆಂಟಿನ ದಿಕ್ಕು ಉಲ್ಟಾ, ಆ ಪೆಡಲಿನಲ್ಲಿ ಸಾಮಾನ್ಯವಾಗಿ ಪ್ಲಸ್ಸೇ ಗ್ರೌಂಡ್. ಅದನ್ನು ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರಿನ ಸಾಲಿಗೆ ಸಿಕ್ಕಿಸಿದರೆ ನೇರ ಶಾರ್ಟ್. ಅದಕ್ಕೆ ಬೇರೆಯೇ ಬ್ಯಾಟರಿ ಕೊಡಿ. ಎರಡನೆಯದು, ಜರ್ಮೇನಿಯಂ ಬಿಸಿಗೆ ಸೋರುತ್ತದೆ. ಈ ಸೋರಿಕೆ ಮೀಟರಿನ ಎಚ್‌ಎಫ್‌ಇ ಅಳತೆಯನ್ನೂ ಕೆಡಿಸಿ ಇಲ್ಲದ ಗೇನ್ ತೋರಿಸುತ್ತದೆ, ಬಯಾಸನ್ನೂ ಅಲುಗಾಡಿಸುತ್ತದೆ. ಬೆಳಗ್ಗೆ ಮನೆಯಲ್ಲಿ ಹೊಂದಿಸಿದ ಬಯಾಸ್ ಏಪ್ರಿಲ್ ಮಧ್ಯಾಹ್ನ ಬಯಲು ವೇದಿಕೆಯ ಮೇಲೆ ಹಾಗೇ ಇರುವುದಿಲ್ಲ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ನುಡಿಸುವವರು ಸಿಲಿಕಾನ್ ಇಟ್ಟುಕೊಳ್ಳುವುದೇ ಒಳ್ಳೆಯದು, ಇಲ್ಲವೇ ಪ್ರಿಸೆಟ್ ಬದಲು ಹೊರಗಿನಿಂದ ತಿರುಗಿಸಬಹುದಾದ ಪಾಟ್ ಹಾಕಿ.

ಇನ್ನೆರಡು ಪಾಟ್, ಆಮೇಲೆ ಡಬ್ಬಿ ಮುಚ್ಚಿ

ಫಜ್ ಫೇಸಿನ ನಿಜವಾದ ಸೊಗಸು ಗಿಟಾರಿನ ವಾಲ್ಯೂಮ್ ಇಳಿಸಿದಾಗ ಸದ್ದು ತಿಳಿಯಾಗುವುದರಲ್ಲಿದೆ. ಪಿಕಪ್ ನೇರವಾಗಿ ಕ್ಯೂ1ಕ್ಕೆ ಸೇರಿದ್ದರೆ ಮಾತ್ರ ಅದು ಚೆನ್ನಾಗಿ ಆಗುತ್ತದೆ. ನಡುವೆ ಬಫರ್ (ಪಿಕಪ್ಪನ್ನು ಮುಂದಿನ ಸರ್ಕ್ಯೂಟಿನಿಂದ ಬೇರ್ಪಡಿಸುವ ಹಂತ) ಇರುವ ಟ್ಯೂನರ್ ಬಂದರೆ ಆ ಸೊಗಸು ಹೋಗುತ್ತದೆ, ಆದ್ದರಿಂದ ಫಜ್ ಸಾಲಿನಲ್ಲಿ ಮೊದಲಿರಲಿ. ಇದನ್ನೇ ಪೆಡಲ್ ಮೇಲೆ ತರಬೇಕೆಂದರೆ ಇನ್‌ಪುಟ್ ಕೆಪ್ಯಾಸಿಟರಿಗೂ ಮುಂಚೆ ಒಂದು 50ಕೆ ಪಾಟನ್ನು ಸೀರೀಸ್ ಆಗಿ ಹಾಕಿ, ಎರಡು ಕಾಲು ಮಾತ್ರ ಬಳಸಿ. ಸ್ವಲ್ಪ ತಿರುಗಿಸಿದರೆ ಸಾಕು, ಫಜ್ ಮೆತ್ತಗಾಗುತ್ತದೆ, ಸಾಲಿನಲ್ಲಿ ಫಜ್ಜಿಗಿಂತ ಮೊದಲು ವಾಹ್ ಪೆಡಲ್ ಇದ್ದಾಗ ಕೀರಲುವುದೂ ನಿಲ್ಲುತ್ತದೆ.

ಇನ್ನೊಂದು ಪಾಟ್ 5ಕೆ, 9 ವೋಲ್ಟಿನ ದಾರಿಯಲ್ಲಿ. ಈ ಸರ್ಕ್ಯೂಟ್ ಕುಡಿಯುವುದು ಸುಮಾರು 1 ಮಿಲಿಆಂಪ್ ಮಾತ್ರ, ಹಾಗಾಗಿ ಪ್ರತಿ 1ಕೆಗೆ ಹತ್ತಿರ ಹತ್ತಿರ ಒಂದು ವೋಲ್ಟ್ ಇಳಿಯುತ್ತದೆ. ತಿರುಗಿಸುತ್ತಾ ಹೋದರೆ ಮುಗಿಯುತ್ತಾ ಬಂದ ಬ್ಯಾಟರಿಯ ಸದ್ದು ಸಿಗುತ್ತದೆ. ಪಾಟ್ ದಾಟಿದ ಮೇಲೆ ಸರ್ಕ್ಯೂಟಿನ ಕಡೆ, ಪ್ಲಸ್ಸಿಗೂ ಗ್ರೌಂಡಿಗೂ ನಡುವೆ 100 ಮೈಕ್ರೋ ಇಟ್ಟರೆ ಪಾಟ್ ಗರಗರ ಅನ್ನುವುದಿಲ್ಲ. ಅಡಾಪ್ಟರಿನಲ್ಲಿ ಗುಂಯ್ ಅನ್ನುತ್ತಿದ್ದರೆ ಪಾಟಿಗೆ ಮುಂಚೆ 100 ಓಮ್ ಸೀರೀಸ್ ಕೂಡ ಸೇರಿಸಿ. ಉಲ್ಟಾ ಅಡಾಪ್ಟರ್ ಸಿಕ್ಕಿಸಿದರೂ ಏನೂ ಸುಡದಂತೆ ಪ್ಲಸ್ಸಿನ ದಾರಿಯಲ್ಲಿ ಒಂದು 1ಎನ್5817 ಡಯೋಡ್ ಹಾಕಿ, ಬೆಳ್ಳಿ ಪಟ್ಟಿಯ ಬದಿ ಸರ್ಕ್ಯೂಟಿನ ಕಡೆಗೆ.

ಸ್ವಿಚ್ ಒತ್ತಿದಾಗ ಟಪ್ ಅಂತ ಸದ್ದು ಬರುತ್ತಿದ್ದರೆ ಬೋರ್ಡಿನ ಇನ್‌ಪುಟ್ ತಂತಿಯಿಂದ, ಆ 50ಕೆ ಪಾಟಿಗೂ ಮುಂಚೆ, ಗ್ರೌಂಡಿಗೆ 1 ಮೆಗಾಓಮ್ ರೆಸಿಸ್ಟರ್ ಹಾಕಿ.

ಒಪ್ಪಿಗೆಯಾದ ಭಾಗಗಳನ್ನು ಈಗ ಬೆಸುಗೆ ಹಾಕಿಬಿಡಿ. ಟ್ರಾನ್ಸಿಸ್ಟರ್ ಸಾಕೆಟ್ ಹಾಗೇ ಇರಲಿ, ಆದರೆ ಟ್ರಾನ್ಸಿಸ್ಟರ್ ಕಾಲುಗಳು ಸಡಿಲವಾಗಿದ್ದರೆ ಪೆಡಲ್ ತುಳಿದಾಗ ಎದ್ದುಬರುತ್ತವೆ, ಒಮ್ಮೆ ಅಲುಗಾಡಿಸಿ ನೋಡಿ. ಮುಚ್ಚುವ ಮೊದಲು ಕ್ಯೂ2ರ ಕಲೆಕ್ಟರ್ ಕೊನೆಯ ಸಲ ಅಳೆದು, ಆ ವೋಲ್ಟೇಜನ್ನೂ ಹಾಕಿದ ಬೆಲೆಗಳನ್ನೂ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿಡಿ.